17ನೇ ಮನೆಯಿಂದ

ಹೋದ ಭಾನುವಾರಕ್ಕೆ ನಮ್ಮನೆಯವರಿಗೆ ಕಿಡ್ನಿ ಕಸಿ ಆಗಿ ಒಂದು ವರ್ಷ ತುಂಬಿತು. ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆಯ ನಂಬರ್, 1.2 ಇದೆ. ಮೂರು ವರ್ಷದ ಹಿಂದೆ ಕ್ರಿಯಾಟಿನಿನ್ ಅಂದರೆ ಏನು ಅಂತಲೂ ನನಗೆ ಗೊತ್ತಿರಲಿಲ್ಲ. ಈಗ ಮಗಳ ಮಾರ್ಕ್ಸ್ ಕಾರ್ಡಿಗಿಂತ ಮೊದಲು ಆ ನಂಬರ್ ನೋಡುತ್ತೇನೆ.

ಪೂಜೆ ಮುಗಿಯುವ ಹೊತ್ತಿಗೆ ಫಾದರ್ "ಬಂದು ಎರಡು ಮಾತು ಹೇಳಮ್ಮ" ಅಂದರು. ಹೋಗಿ ಮೈಕ್ ಮುಂದೆ ನಿಂತೆ. ಗಂಟಲು ಕಟ್ಟಿಕೊಂಡಿತು. "ಎಲ್ಲರಿಗೂ ಥ್ಯಾಂಕ್ಸ್" ಅಂದವಳೇ ಇಳಿದುಬಿಟ್ಟೆ. ಮನೆಗೆ ಬಂದಮೇಲೆ ಅತ್ತೆ ಬೈದರು. "ಕಿಡ್ನಿ ಕೊಟ್ಟವಳು ನಾನು. ನಾನೇ ಹೋಗಿ ಮಾತಾಡಿದ್ದರೆ ಚೆನ್ನಾಗಿರುತ್ತಿತ್ತು." ನಿಜ, ಚೆನ್ನಾಗಿರುತ್ತಿತ್ತು. ಅವತ್ತು ನುಂಗಿಕೊಂಡಿದ್ದನ್ನು ಇವತ್ತು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುತ್ತಿಲ್ಲ. ಅದಕ್ಕೆ ಕಾರಣ ಇದೆ, ಹೇಳುತ್ತೇನೆ.

ತುಮಕೂರಿನ ನಮ್ಮ ಚರ್ಚಿನ ವಿನ್ಸೆಂಟ್ ದೆ ಪಾಲ್ ಸಂಘದಲ್ಲಿ ನಾನು ಒಂಬತ್ತು ವರ್ಷದಿಂದ ಇದ್ದೇನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜಾನಾಂ ಅನ್ನುವ ಕಾಲೇಜು ಹುಡುಗ ಗೆಳೆಯರ ಜೊತೆ ಸೇರಿ ಶುರು ಮಾಡಿದ್ದು. ಅವನಿಗೆ ಆಗ 20 ವರ್ಷ. ರೊಸಾಲಿ ಅನ್ನುವ ಸಿಸ್ಟರ್ ಒಬ್ಬರು ಆ ಹುಡುಗರನ್ನು ಬಡವರ ಮನೆಗಳಿಗೆ ಹೋಗಿ ಕೂತು ಮಾತಾಡಿ ಬರುವ ಹಾಗೆ ಮಾಡಿದರು. ಹಣ ಕಳಿಸುವುದಲ್ಲ, ಮನೆಗೇ ಹೋಗುವುದು. ಇವತ್ತಿಗೂ ನಮ್ಮ ಸಂಘದ ಮುಖ್ಯ ಕೆಲಸ ಅದೇ.

ಹೋಗುವಾಗ ಇಬ್ಬರೇ ಹೋಗಬೇಕು. ಹೋಗಿ ಬಂದ ಮನೆಯ ವಿಷಯ ಹೊರಗೆ ಬಾಯಿ ಬಿಡಬಾರದು. ನಮ್ಮ ನೋಟ್‌ಬುಕ್ಕಿನಲ್ಲಿ ಹೆಸರುಗಳಿಲ್ಲ, ಬರೀ ನಂಬರ್. 4ನೇ ಮನೆಗೆ ಅಕ್ಕಿ, 9ನೇ ಮನೆಗೆ ಸ್ಕೂಲ್ ಫೀಸು, 11ನೇ ಮನೆಗೆ ಕನ್ನಡಕ, ಹೀಗೆ. ಹೊಸದಾಗಿ ಸೇರಿದವರಿಗೆ ನಾನೇ ಪಾಠ ಹೇಳುತ್ತಿದ್ದೆ. ಗೇಟಿನ ಹತ್ತಿರ ನಿಂತು "ಸಹಾಯ ಮಾಡೋಕೆ ಬಂದಿದ್ದೀವಿ" ಅನ್ನಬಾರದು. "ಸುಮ್ನೆ ಈ ಕಡೆ ಬಂದಿದ್ವಿ" ಅನ್ನಬೇಕು. ಅವರು "ನಮಗೆ ಬೇಡ, ಇನ್ನೂ ಕಷ್ಟದಲ್ಲಿರೋರಿಗೆ ಕೊಡಿ" ಅಂತಾರೆ. ಆಗ ವಾದ ಮಾಡಬಾರದು. ಒಳಗೆ ಹೋಗಿ ಕೂತು ಕುಡಿಯೋಕೆ ನೀರು ಕೇಳಬೇಕು. ನೀರು ಕೊಟ್ಟಮೇಲೆ ನಾವು ಅವರ ಮನೆಯ ನೆಂಟರು, ಅಲ್ವಾ?

ಇಷ್ಟೆಲ್ಲ ಗೊತ್ತಿದ್ದವಳು ನಾನು.

ನಮ್ಮನೆಯವರ ಕಾಲು ಊದಿಕೊಂಡಿದ್ದು, ಬಿಪಿ ಏರಿದ್ದು, ಎರಡೂ ಕಿಡ್ನಿ ಹೋಗಿವೆ ಅಂತ ತಿಳಿದಿದ್ದು ಎಲ್ಲ ಒಂದೇ ತಿಂಗಳಲ್ಲಿ ಆಯಿತು. ಅವರಿಗೆ ಆಗ 40 ವರ್ಷ. ಕೆಲಸಕ್ಕಿದ್ದ ಕಾರ್ಖಾನೆಯವರು ಆ ವರ್ಷ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ. ವಿಮೆಯವರು ಹಳೇ ಬಿಪಿ ಮಾತ್ರೆಯ ಚೀಟಿ ತೋರಿಸಿ ಕೈ ಎತ್ತಿದರು. ಆ ಕಥೆ ಸಾಕು, ಹೇಳಿದಷ್ಟೂ ನನ್ನ ಬಿಪಿಯೇ ಏರುತ್ತದೆ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ನಾನು ಸಂಘದಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಮೀಟಿಂಗಿಗೆ ಮಾತ್ರ ತಪ್ಪದೆ ಹೋದೆ.

ಮೀಟಿಂಗಿನ ಕೊನೆಗೆ ನಮ್ಮಲ್ಲಿ ಒಂದು ಬಟ್ಟೆ ಚೀಲ ಸುತ್ತು ಬರುತ್ತದೆ. ಎಲ್ಲರೂ ಮುಷ್ಟಿ ಮುಚ್ಚಿ ಒಳಗೆ ಕೈ ಹಾಕಿ ತೆಗೆಯುತ್ತಾರೆ. ಯಾರು ಎಷ್ಟು ಹಾಕಿದರು ಅಂತ ಯಾರಿಗೂ ತಿಳಿಯಬಾರದು. ಆರು ತಿಂಗಳು ನಾನು ಖಾಲಿ ಮುಷ್ಟಿ ಹಾಕಿ ತೆಗೆದೆ. ಈ ಪದ್ಧತಿ ಯಾಕಿದೆ ಅಂತ ನನಗೆ ಅರ್ಥ ಆಗಿದ್ದು ಆಗಲೇ. ಅಲ್ಲಿಯವರೆಗೂ ಜಾಸ್ತಿ ಹಾಕುವವರಿಗೆ ಜಂಬ ಬರಬಾರದು ಅಂತ ಮಾಡಿದ್ದಾರೆ ಅಂದುಕೊಂಡಿದ್ದೆ.

ತಪಸ್ಸುಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ, ಒಂದು ಗುರುವಾರ ಸಂಜೆ ಗೇಟು ಸದ್ದಾಯಿತು. ನಮ್ಮ ಸಂಘದ ಖಜಾಂಚಿ, ರಿಟೈರ್ಡ್ ಮೇಷ್ಟ್ರು, ಒಂದು ಮೂಟೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಆ ವರ್ಷವೇ ಸಂಘಕ್ಕೆ ಸೇರಿದ ಹುಡುಗಿ. ನಾನೇ ಪಾಠ ಹೇಳಿಕೊಟ್ಟವಳು. ಅವಳು ನೆಲ ನೋಡುತ್ತಾ ಮೆಲ್ಲಗೆ ಅಂದಳು, "ಸುಮ್ನೆ ಈ ಕಡೆ ಬಂದಿದ್ವಿ ಅಕ್ಕ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚಿಲಕದ ಮೇಲೆ ಕೈ ಇತ್ತು, ತೆಗೆಯೋಕೆ ಆಗಲಿಲ್ಲ. "ನಮಗೆ ಬೇಡ ಸಾರ್, ಇನ್ನೂ ಕಷ್ಟದಲ್ಲಿರೋರಿಗೆ ಕೊಡಿ" ಅಂದುಬಿಟ್ಟೆ. ಮೇಷ್ಟ್ರು ಮೂಟೆ ಕೆಳಗಿಟ್ಟು ಸೊಂಟ ಹಿಡಿದುಕೊಂಡರು. "ಹಾಗಂದ್ರೆ ಒಳಗೆ ಹೋಗಿ ನೀರು ಕೇಳಬೇಕು ಅಂತ ನೀನೇ ಹೇಳಿಕೊಟ್ಟಿದ್ದೀಯಲ್ಲಮ್ಮ. ಬಿಸಿಲಲ್ಲಿ ಬಂದಿದ್ದೀನಿ, ನೀರು ಕೊಡು" ಅಂದರು. ಗಂಟೆ ಆರೂವರೆ. ಬಿಸಿಲು ಎಲ್ಲಿಂದ ಬರಬೇಕು?

ನೀರು ಕೊಟ್ಟೆ. ನೋಟ್‌ಬುಕ್ಕಿನಲ್ಲಿ ನಮ್ಮದು 17ನೇ ಮನೆಯಾಯಿತು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಕ್ಕಿ ಮೂಟೆ ಹೊಸ್ತಿಲ ಪಕ್ಕದಲ್ಲೇ ಇತ್ತು, ಮೇಲೆ ಸಂಘದ ಹೆಸರು ಕೆಂಪು ಅಕ್ಷರದಲ್ಲಿ ದೊಡ್ಡದಾಗಿ. ಎದುರುಮನೆಯವರು ಓದಿರುತ್ತಾರೆ ಅನ್ನುವುದೊಂದೇ ತಲೆಯಲ್ಲಿ. ಆ ಹೆಸರು ಅಚ್ಚು ಹಾಕಿಸಿದ್ದು ಯಾರು? ನಾನೇ. ಚೀಲ ಕಳೆದುಹೋಗಬಾರದು ಅಂತ. ವರ್ಷಗಟ್ಟಲೆ ಅದೇ ಚೀಲವನ್ನು ಎಷ್ಟೋ ಜನರ ಬೀದಿಯಲ್ಲಿ ಮೆರವಣಿಗೆ ಮಾಡಿಸಿದ್ದೇನೆ. ಆ ಮನೆಗಳವರಲ್ಲಿ ಯಾರೂ ಒಂದು ಮಾತು ಅನ್ನಲಿಲ್ಲ. ಅವರಿಗೆ ನನ್ನ ಮೊದಲ ಥ್ಯಾಂಕ್ಸ್. ಈಗ ನಮ್ಮ ಸಂಘದ ಸಾಮಾನು ಮಾಮೂಲಿ ಕೈಚೀಲದಲ್ಲಿ ಹೋಗುತ್ತದೆ, ಕತ್ತಲಾದಮೇಲೆ.

ಎಳನೀರಿನ ವಿಷಯ ಹೇಳಲೇಬೇಕು. ಕಲ್ಪತರು ನಾಡು ನೋಡಿ, ನಮ್ಮಲ್ಲಿ ಹುಷಾರಿಲ್ಲದವರನ್ನು ನೋಡೋಕೆ ಹೋದರೆ ಎಳನೀರು, ಬಾಳೆಹಣ್ಣು ತಪ್ಪದು. ವಿಷಯ ಗೊತ್ತಾದಮೇಲೆ ಚರ್ಚಿನವರೆಲ್ಲ ಬಂದರು, ಬಂದವರೆಲ್ಲ ಎಳನೀರು ತಂದರು. ಒಂದು ದಿನ ಎಣಿಸಿದೆ, ಅಡುಗೆಮನೆ ಮೂಲೆಯಲ್ಲಿ 23 ಬುರುಡೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಪೊಟ್ಯಾಶಿಯಂ ಹೊರಗೆ ಹೋಗುವುದಿಲ್ಲ, ರಕ್ತದಲ್ಲೇ ಏರುತ್ತದೆ, ಏರಿದರೆ ಹೃದಯ ನಿಂತೇಹೋಗಬಹುದು. ಎಳನೀರು, ಬಾಳೆಹಣ್ಣು ಎರಡರಲ್ಲೂ ಅದೇ ತುಂಬಿದೆ. ಕುಡಿಯುವ ನೀರಿಗೂ ಅಳತೆ. ಪಾಪ, ನಮ್ಮನೆಯವರು ಆ ಬುರುಡೆಗಳನ್ನು ನೋಡುತ್ತಾ ಮಲಗಿರುತ್ತಿದ್ದರು. ತಂದವರಿಗೆ ಹೇಗೆ ಹೇಳುವುದು? ಬೀದಿ ಮಕ್ಕಳೆಲ್ಲ ಆ ಬೇಸಿಗೆ ನಮ್ಮ ಮನೆಯಲ್ಲೇ ಎಳನೀರು ಕುಡಿದರು. ತಂದ ಎಲ್ಲರಿಗೂ ಅವರ ಪರವಾಗಿಯೂ ಥ್ಯಾಂಕ್ಸ್.

ಕಾನ್ವೆಂಟಿನ ಸಿಸ್ಟರ್ ಒಬ್ಬರು ಹಿಂದೆ ನರ್ಸ್ ಆಗಿದ್ದವರು. ಬರಿಗೈಯಲ್ಲಿ ಬಂದವರು ಅವರೊಬ್ಬರೇ. ನಮ್ಮನೆಯವರ ಎಡಗೈಗೆ ಫಿಸ್ಟುಲಾ ಮಾಡಿದ್ದರು, ಅಂದರೆ ಡಯಾಲಿಸಿಸ್ ಸೂಜಿಗೆ ಅಂತ ರಕ್ತನಾಳಗಳನ್ನು ಜೋಡಿಸಿದ್ದರು. ಆ ಕೈಗೆ ಬಿಪಿ ಪಟ್ಟಿ ಕಟ್ಟಬಾರದು, ಆ ಕೈಯಲ್ಲಿ ಬಿಂದಿಗೆ ಎತ್ತಬಾರದು, ಅದರ ಮೇಲೆ ಒತ್ತಿ ಮಲಗಬಾರದು. ಇಷ್ಟು ಹೇಳಿ ಸಿಸ್ಟರ್ ಅತ್ತೆಯ ಅಂಗೈ ಹಿಡಿದು ಅದರ ಮೇಲೆ ಇಟ್ಟರು. "ಜುಂ ಅನ್ನುತ್ತಾ ಅಮ್ಮ?" "ಹೂಂ, ಬೆಕ್ಕು ಗುರುಗುಟ್ಟಿದ ಹಾಗಿದೆ." "ದಿನಾ ಬೆಳಗ್ಗೆ ನೋಡಿ. ಜುಂ ಅನ್ನಲಿಲ್ಲ ಅಂದ್ರೆ ತಕ್ಷಣ ಆಸ್ಪತ್ರೆಗೆ." ಅವತ್ತಿಂದ ಆಪರೇಷನ್ ಆಗುವವರೆಗೂ ಅತ್ತೆಯ ಬೆಳಗಿನ ಪ್ರಾರ್ಥನೆ ಅದೇ. ಮಗನ ಕೈ ಮುಟ್ಟಿ, "ಬೆಕ್ಕಿದೆ" ಅಂತ ನನಗೆ ಕೂಗಿ ಹೇಳಿ, ಆಮೇಲೆ ಜಪಸರ ಹಿಡಿಯುತ್ತಿದ್ದರು.

ಇದೇ ಅತ್ತೆ ಫೆಬ್ರವರಿ 11ರಂದು ಮಾಡಿದ್ದೇ ಬೇರೆ. ಅವತ್ತು ಲೂರ್ದು ಮಾತೆಯ ಹಬ್ಬ. ರೋಗಿಗಳ ದಿನವೂ ಹೌದು, 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಗೊತ್ತುಮಾಡಿದ್ದು. ಚರ್ಚಿನಲ್ಲಿ ಹುಷಾರಿಲ್ಲದವರನ್ನೆಲ್ಲ ಮುಂದಿನ ಬೆಂಚುಗಳಲ್ಲಿ ಕೂರಿಸಿ, ಹಣೆಗೆ, ಅಂಗೈಗೆ ಪವಿತ್ರ ತೈಲ ಹಚ್ಚುತ್ತಾರೆ. ಫಾದರ್ ತೈಲ ಹಿಡಿದು ನಮ್ಮನೆಯವರ ಕಡೆ ಬಂದಿದ್ದೇ ತಡ, ಅತ್ತೆ ಎದ್ದು ಅಡ್ಡ ನಿಂತುಬಿಟ್ಟರು. "ಬೇಡ ಫಾದರ್, ನನ್ನ ಮಗ ಇನ್ನೂ ಬದುಕಬೇಕು." ಅವರ ಕಾಲದಲ್ಲಿ ಆ ತೈಲ ಹಚ್ಚುತ್ತಿದ್ದಿದ್ದು ಪ್ರಾಣ ಹೋಗುವ ಹೊತ್ತಿನಲ್ಲಿ. ಕಥೋಲಿಕ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಇದು ಸಾಯುವವರಿಗೆ ಮಾತ್ರ ಅಲ್ಲ, ರೋಗಿಗಳಿಗೆ ಅಂತ ಹೇಳಿ 60 ವರ್ಷ ಆಯಿತು, ಆದರೆ ಅದು ನಮ್ಮ ಅಡುಗೆಮನೆಗೆ ಬಂದಿರಲಿಲ್ಲ! ಇಡೀ ಚರ್ಚು ನೋಡುತ್ತಿತ್ತು. ಫಾದರ್ ಬೇಜಾರು ಮಾಡಿಕೊಳ್ಳಲಿಲ್ಲ. "ಸರಿಯಮ್ಮ, ಹಾಗಾದ್ರೆ ಮೊದಲು ನಿಮಗೆ ಹಚ್ಚುತ್ತೀನಿ. ಮಂಡಿ ನೋವು ಇದೆಯಲ್ಲ" ಅಂದರು. ಅತ್ತೆ ತಾವು ಹಚ್ಚಿಸಿಕೊಂಡು, ಒಂದು ನಿಮಿಷ ಸುಮ್ಮನೆ ನಿಂತು, ಏನೂ ಆಗಲಿಲ್ಲ ಅಂತ ಖಾತ್ರಿಯಾದಮೇಲೆ ಪಕ್ಕಕ್ಕೆ ಸರಿದರು. ಫಾದರ್, ಆ ತಾಳ್ಮೆಗೆ ಥ್ಯಾಂಕ್ಸ್.

ಕಿಡ್ನಿ ಕೊಡುತ್ತೇನೆ ಅಂತ ಅತ್ತೆ ಹೇಳಿದ್ದು ಅದೇ ವಾರ. ಅವರಿಗೆ 61 ವರ್ಷ. ಮಂಡಿ ಒಂದು ಬಿಟ್ಟರೆ ಎಲ್ಲ ಟೆಸ್ಟಿನಲ್ಲೂ ಪಾಸು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮೊದಲು ರಕ್ತ ಕೊಡುವವರು ಬೇಕು ಅಂದರು. ನಮ್ಮ ಚರ್ಚಿನ ಯುವಕರ ಗುಂಪಿಗೆ ರಾತ್ರಿ ಮೆಸೇಜ್ ಹೋಯಿತು. ಬೆಳಗ್ಗೆ ತುಮಕೂರು ಸ್ಟೇಷನ್ನಿನಲ್ಲಿ ಎಂಟು ಜನ ನಿಂತಿದ್ದರು. ಅದರಲ್ಲಿ ನಮ್ಮ ಸಂಘದ ಹುಡುಗಿಯೂ ಇದ್ದಳು. ಅವಳ ಹಿಮೋಗ್ಲೋಬಿನ್ 11 ಇತ್ತು. 12.5 ಇಲ್ಲದಿದ್ದರೆ ರಕ್ತ ತೆಗೆದುಕೊಳ್ಳುವುದಿಲ್ಲ. ವಾಪಸ್ ಕಳಿಸಿದರು. ಮೆಟ್ಟಿಲ ಮೇಲೆ ಕೂತು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು, ಇಡೀ ದಿನ ನನ್ನ ಬದಲು ಬಿಲ್ಲಿಂಗ್ ಕೌಂಟರಿನ ಕ್ಯೂನಲ್ಲಿ ನಿಂತಳು. ರಕ್ತ ಕೊಟ್ಟ ಏಳು ಜನಕ್ಕೂ ನಾನು ಋಣಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಕಣ್ಣಿಗೆ ಕಟ್ಟಿರುವುದು ಆ ಕ್ಯೂನಲ್ಲಿ ನಿಂತ ಹುಡುಗಿ. ತಾಯಿ, ಕಬ್ಬಿಣದ ಮಾತ್ರೆ ತಗೊಳ್ತಾ ಇದ್ದೀಯಾ?

ಇಷ್ಟೆಲ್ಲ ಆಗಿ ಆಪರೇಷನ್ ಹಿಂದಿನ ದಿನ ಅತ್ತೆಗೆ ಮೂತ್ರದ ಸೋಂಕು ಇದೆ ಅಂತ ಗೊತ್ತಾಯಿತು. ಮೂರು ವಾರ ಮುಂದಕ್ಕೆ ಹಾಕಿದರು. ಮಕ್ಕಳಿಬ್ಬರೂ ತುಮಕೂರಿನಲ್ಲಿ ಎದುರುಮನೆ ಆಂಟಿ ಹತ್ತಿರ ಇದ್ದರು. ಚೀಲದ ಮೇಲಿನ ಹೆಸರು ಓದಿರುತ್ತಾರೆ ಅಂತ ನಾನು ಹೆದರಿದ್ದು ಇವರಿಗೇ. ಅವರು ಸಿದ್ಧಗಂಗಾ ಮಠದ ಭಕ್ತರು. ನಾನು ಫೋನ್ ಮಾಡಿ ಅಳುತ್ತಾ, "ಮಕ್ಕಳಿಗೆ ಫೋನ್ ಕೊಡಿ ಆಂಟಿ, ಹೇಳ್ತೀನಿ" ಅಂದೆ. ಅವರು ಕೊಡಲಿಲ್ಲ. "ಮೊದಲು ಉಣ್ಣಲಿ, ಆಮೇಲೆ ಸುದ್ದಿ. ನಮ್ಮ ದೊಡ್ಡ ಬುದ್ಧಿಯವರು ಲಿಂಗೈಕ್ಯರಾದ ದಿನವೂ ಮಠದಲ್ಲಿ ಮಕ್ಕಳ ಊಟ ಆದಮೇಲೇ ಸುದ್ದಿ ಹೇಳಿದ್ದು" ಅಂದರು. ದೊಡ್ಡ ಬುದ್ಧಿಯವರು ಅಂದರೆ ಶಿವಕುಮಾರ ಸ್ವಾಮೀಜಿ, ಅದು 2019ರ ಜನವರಿ 21. ಊರೆಲ್ಲ ಮಠದ ಕಡೆ ಹರಿದ ದಿನ, ನನಗೂ ನೆನಪಿದೆ. ನನ್ನ ಮಕ್ಕಳು ಅವತ್ತು ಮುದ್ದೆ, ಸೊಪ್ಪಿನ ಸಾರು ಉಂಡು ಕೈ ತೊಳೆದುಕೊಂಡಮೇಲೆ ಫೋನ್ ಬಂತು. ಆಂಟಿ ಆ ಕೆಂಪು ಅಕ್ಷರ ಓದಿದ್ದರೋ ಇಲ್ಲವೋ, ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಧರ್ಮೋಪದೇಶದ ಮಕ್ಕಳು ತಪಸ್ಸುಕಾಲದಲ್ಲಿ ಹುಂಡಿಗೆ ಹಾಕಿದ ಚಿಲ್ಲರೆ ನಮ್ಮ ಇಂಜೆಕ್ಷನ್ನಿಗೆ ಬಂತು. ಎಲ್ಲ ಒಂದು, ಎರಡು, ಐದರ ನಾಣ್ಯ. ಮೆಡಿಕಲ್ ಶಾಪಿನವರು ಬೇಜಾರಿಲ್ಲದೆ ಎಣಿಸಿಕೊಂಡರು. ಗಾನವೃಂದದವರು ಆಸ್ಪತ್ರೆಗೆ ಫೋನ್ ಮಾಡಿ ಸ್ಪೀಕರ್‌ನಲ್ಲಿ ಹಾಡಿದರು. ನರ್ಸ್ ಬಂದು ಮೆಲ್ಲಗೆ ಹಾಡಿ ಅಂದರು. ಬಾಡಿಗೆ ಎರಡು ತಿಂಗಳು ತಡವಾದರೂ ಕೇಳದ ಮನೆ ಮಾಲೀಕರಿಗೂ ಥ್ಯಾಂಕ್ಸ್. "ಯಾವ ಪಾಪಕ್ಕೆ ಬಂತೋ" ಅಂತ ಚರ್ಚಿನ ಬಾಗಿಲಲ್ಲೇ ಮಾತಾಡಿಕೊಂಡ ಇಬ್ಬರಿದ್ದಾರೆ, ಅವರಿಗೆ ಮಾತ್ರ ಥ್ಯಾಂಕ್ಸ್ ಇಲ್ಲ. ಮುಂದಿನ ತಪಸ್ಸುಕಾಲಕ್ಕೆ ನೋಡೋಣ.

ಸಂಘದಿಂದ ಬಂದ ಹಣವನ್ನು ಸಾಲ ಅಂತ ಬರೆದುಕೊಳ್ಳಿ ಅಂತ ಮೇಷ್ಟ್ರಿಗೆ ಮೂರು ಸಲ ಹೇಳಿದೆ. ಅವರು ನೋಟ್‌ಬುಕ್ ತೆಗೆದು ಏನೋ ಬರೆದರು. ಹೋದ ವಾರ ಅದು ನನ್ನ ಕೈಗೆ ಬಂತು, ಯಾಕೆಂದರೆ ನಾನು ಮತ್ತೆ ಮನೆಗಳಿಗೆ ಹೋಗುತ್ತಿದ್ದೇನೆ. 17ರ ಮುಂದೆ "ನೀರು ಕೊಟ್ಟರು" ಅಂತಷ್ಟೇ ಇದೆ.

ನಮ್ಮನೆಯವರು ಈಗ ಗೆಳೆಯರೊಬ್ಬರ ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾರೆ. ಮಾತ್ರೆ ಜೀವನಪೂರ್ತಿ, ಮಾಸ್ಕ್ ಇನ್ನೂ ಬಿಟ್ಟಿಲ್ಲ, ಕೈ ಕುಲುಕೋಕೆ ಬಂದರೆ ನಮಸ್ಕಾರ ಮಾಡುತ್ತಾರೆ, ತಪ್ಪು ತಿಳಿಯಬೇಡಿ. ಬರುವ ಭಾನುವಾರ ಎಂಟೂವರೆ ಪೂಜೆ ಆದಮೇಲೆ ಚರ್ಚ್ ಹಾಲ್‌ನಲ್ಲಿ ನಮ್ಮ ಕಡೆಯಿಂದ ತಟ್ಟೆ ಇಡ್ಲಿ, ಕಾಫಿ. ಇಡ್ಲಿ ಕ್ಯಾತಸಂದ್ರದಿಂದಲೇ ಬರುತ್ತೆ. ಎಲ್ಲರೂ ಬನ್ನಿ. ಅತ್ತೆ ಈ ಸಲ ಮೈಕ್ ಹಿಡಿಯುತ್ತಾರಂತೆ, ಹತ್ತು ನಿಮಿಷ ಜಾಸ್ತಿ ಇಟ್ಟುಕೊಂಡು ಬನ್ನಿ. ಎಳನೀರು ಮಾತ್ರ ತರಬೇಡಿ, ಡಾಕ್ಟರು ಇನ್ನೂ ಹೂಂ ಅಂದಿಲ್ಲ.