ಕವರ್ ಮೇಲೆ ಇಲ್ಲದ ಹೆಸರುಗಳಿಗೆ ಥ್ಯಾಂಕ್ಸ್

ನಮ್ಮ ಕನ್ನಡ ರ‍್ಯಾಪ್ ಸಿಂಗಲ್ ರಿಲೀಸ್ ಆಯಿತು! ಕೇಳಿದವರು, ಶೇರ್ ಮಾಡಿದವರು, ಸ್ಟೋರಿಗೆ ಹಾಕಿದವರು, ರಾತ್ರಿ ಮೆಸೇಜ್ ಮಾಡಿ "ಎರಡನೇ ವರ್ಸ್ ಇನ್ನೊಂದು ಸಲ ಕೇಳಿದೆ ಕಣೇ" ಅಂದವರು, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಒಬ್ಬೊಬ್ಬರಿಗೂ ಉತ್ತರ ಬರೆಯುತ್ತಿದ್ದೇನೆ, ತಡವಾದರೂ ಬರೆದೇ ಬರೆಯುತ್ತೇನೆ. ಆದರೆ ಒಂದು ಮಾತನ್ನು ಎಲ್ಲರ ಮುಂದೆ ಹೇಳಬೇಕು ಅನ್ನಿಸಿತು. ಕವರ್ ಮೇಲೆ ನನ್ನೊಬ್ಬಳ ಹೆಸರಿದೆ. ಹಾಡು ಮಾತ್ರ ತುಂಬಾ ಜನರದ್ದು.

ಮೊದಲು ಬೀಟ್, ಅಂದರೆ ಮಾತಿನ ಹಿಂದಿನ ಸಂಗೀತ, ಮಾಡಿದ ಗೆಳೆಯ. ಅವನು ಕಳಿಸಿದ ಡೆಮೊದಲ್ಲಿ ಒಂದು ಹಳೇ ರೆಕಾರ್ಡಿನ ತುಣುಕು ಲೂಪ್ ಆಗುತ್ತಿತ್ತು. ನಾನು ಸಾಹಿತ್ಯ ಪೂರ್ತಿ ಬರೆದದ್ದು ಅದರ ಗುಂಗಿನಲ್ಲೇ. ಇಂಥ ತುಣುಕನ್ನು, ಅಂದರೆ ಸ್ಯಾಂಪಲ್ ಅನ್ನು, ಬಳಸಬೇಕು ಅಂದರೆ ಎರಡು ಕಡೆ ಒಪ್ಪಿಗೆ ಬೇಕು. ರೆಕಾರ್ಡಿಂಗ್ ಯಾರ ಹಕ್ಕಿನಲ್ಲಿದೆಯೋ ಅವರದು ಒಂದು, ಹಾಡು ಕಟ್ಟಿದವರ ಕಡೆಯದು ಇನ್ನೊಂದು. ಒಂದು ಕಡೆಯವರು ಒಪ್ಪಿದರು, ಇನ್ನೊಂದು ಕಡೆಯಿಂದ ಉತ್ತರವೇ ಬರಲಿಲ್ಲ. ಪಿಚ್ ಸ್ವಲ್ಪ ಬದಲಾಯಿಸಿ ಹಾಕಿಬಿಡು, ಯಾರಿಗೂ ಗೊತ್ತಾಗಲ್ಲ ಅಂತ ಹೇಳಿದವರೂ ಇದ್ದರು. ಅವನು ಕೇಳಲಿಲ್ಲ. ಆ ತುಣುಕನ್ನು ಪೂರ್ತಿ ತೆಗೆದು, ಹೊಸ ಕಾರ್ಡ್ಸ್, ಹೊಸ ರಾಗ ಕೂರಿಸಿದ. ನನ್ನ ಸಾಲುಗಳು ಒಂದೂ ಒಡೆಯಬಾರದು ಅಂತ ವೇಗವನ್ನು ಹಾಗೇ ಉಳಿಸಿಕೊಂಡ: 140 ಬಿಪಿಎಂ, ಅಂದರೆ ನಿಮಿಷಕ್ಕೆ 140 ಏಟು, ಆದರೆ ಸ್ನೇರ್ ಡ್ರಮ್ ಬೀಳೋದು ಪ್ರತಿ ನಾಲ್ಕರಲ್ಲಿ ಮೂರನೇ ಏಟಿಗೆ ಮಾತ್ರ, ಹಾಗಾಗಿ ಕಿವಿಗೆ 70ರ ನಡಿಗೆ. ನಾನು ರ‍್ಯಾಪ್ ಮಾಡುವ ವರ್ಸ್ ಆರಾಮಾಗಿ ಹೋಗುತ್ತಾ ಇದ್ದು, ಮತ್ತೆ ಮತ್ತೆ ಬರುವ ಆ ಹುಕ್ ಬಂದ ಕೂಡಲೇ ಕುಣಿಯಬೇಕು ಅನ್ನಿಸುತ್ತದಲ್ವಾ, ಅದಕ್ಕೆ ಕಾರಣ ಅವನೇ.

ಕೆಳಗೆ ಎಳೆದುಕೊಂಡು ಹೋಗುವ ಆ ಬೇಸ್ ಬಗ್ಗೆ ತುಂಬಾ ಜನ ಕೇಳಿದಿರಿ. ಅದು 808ರ ದನಿ. 808 ಅಂದರೆ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಡ್ರಮ್ ಮಷೀನ್, 1983ಕ್ಕೆ ತಯಾರಿಕೆಯೇ ನಿಂತಿತ್ತು. ನಿಜವಾದ ಡ್ರಮ್ಸ್ ತರಹ ಕೇಳಿಸಲ್ಲ ಅನ್ನೋದೇ ಅದರ ಮೇಲಿದ್ದ ದೂರು. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ಕೊಂಡ ಹುಡುಗರು ಅದರಲ್ಲೇ ಹಿಪ್ ಹಾಪ್ ಮಾಡಿದರು, ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತವನ್ನೂ ಮಾಡಿದರು. ಹಾಗಾಗಿ ರ‍್ಯಾಪ್‌ಗೆ ಯಾಕೆ ಇಷ್ಟು ಸಿಂಥ್ (ಎಲೆಕ್ಟ್ರಾನಿಕ್ ವಾದ್ಯದ ದನಿ) ಅಂತ ಕೇಳಿದವರಿಗೆ ಪ್ರೀತಿಯಿಂದ ಹೇಳುತ್ತೇನೆ, ಇವೆರಡೂ ಹಳೇ ನೆಂಟರು.

ಹುಕ್ ಹಾಡಿದ ಅಕ್ಕನಿಗೆ ಏನು ಹೇಳಲಿ! ಒಂದೇ ಸಾಲನ್ನು ನಡುವೆ ಒಂದು ಸಲ, ಎಡಕ್ಕೊಂದು, ಬಲಕ್ಕೊಂದು, ಮೇಲಿನ ಸ್ಥಾಯಿಯಲ್ಲಿ ಪಿಸುದನಿಯಲ್ಲಿ ಇನ್ನೊಂದು, ಹೀಗೆ ಪದರ ಪದರವಾಗಿ ಹಾಡಿಕೊಟ್ಟರು. ಪ್ರತಿ ಪದರದಲ್ಲೂ ಉಸಿರು ತೆಗೆದುಕೊಳ್ಳುವ ಜಾಗ ಒಂದೇ. ದನಿಯ ಶ್ರುತಿ ತಿದ್ದುವ ಆಟೋಟ್ಯೂನ್ ಹಾಕಿದ್ದೀರಾ ಅಂತ ಕೇಳಿದ್ದೀರಿ. ಹೌದು, ಕೊನೆಯ ಸಾಲಿಗೆ ಬೇಕಂತಲೇ ಜಾಸ್ತಿ ಹಾಕಿದ್ದೇವೆ. ಉಳಿದದ್ದೆಲ್ಲ ಅವರ ಗಂಟಲೇ.

ಸಾಹಿತ್ಯ ಓದಿ ತಿದ್ದಿದ ಗೆಳತಿಗೂ ಋಣಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಸಾಲಿನ ತುದಿಗೆ ಪ್ರಾಸ ತಾನಾಗಿಯೇ ಸಿಕ್ಕಿಬಿಡುತ್ತದೆ. ಅದು ಸಾಕಾಗಲ್ಲ, ನಮ್ಮ ಹಳೇ ಪದ್ಯಗಳ ತರಹ ಎರಡನೇ ಅಕ್ಷರಕ್ಕೂ ಪ್ರಾಸ ತಾ ಅಂತ ಪಟ್ಟು ಹಿಡಿದವಳು ಅವಳು. ಎರಡನೇ ವರ್ಸ್ ನಿಮಗೆ ಇಷ್ಟವಾಗಿದ್ದರೆ ಅವಳ ಹಟ ಇಷ್ಟವಾಗಿದೆ ಅಂತಲೇ ಅರ್ಥ.

ಇನ್ನು ಮಿಕ್ಸಿಂಗ್ ಮಾಡಿದ, ಅಂದರೆ ಎಲ್ಲ ದನಿಗಳನ್ನೂ ಹದವಾಗಿ ಬೆರೆಸಿದ ಅಣ್ಣ. ಇವರ ಕೆಲಸ ಚೆನ್ನಾಗಿದ್ದಷ್ಟೂ ಕೇಳುವವರಿಗೆ ಗೊತ್ತೇ ಆಗಲ್ಲ, ಅದಕ್ಕೇ ಇಲ್ಲಿ ಜಾಸ್ತಿ ಬರೆಯುತ್ತಿದ್ದೇನೆ. 808ರ ದನಿ 50 ಹರ್ಟ್ಸ್ ಆಸುಪಾಸು ಇರುತ್ತದೆ, ಫೋನಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಬಹಳಷ್ಟು ಜನ ಹಾಡು ಕೇಳೋದು ಫೋನಿನಲ್ಲೇ. ಅಣ್ಣ ಬೇಸ್‌ಗೆ ಸ್ವಲ್ಪ ಸ್ಯಾಚುರೇಶನ್ ಕೊಟ್ಟು, ಅಂದರೆ ದನಿಯನ್ನು ಕೊಂಚ ಒರಟು ಮಾಡಿ, ಅದರ ಹಾರ್ಮೋನಿಕ್ಸ್, ಅಂದರೆ ಅದರ ಜೊತೆಗೆ ಹುಟ್ಟುವ ಮೇಲಿನ ಸ್ವರಗಳನ್ನು ಎಬ್ಬಿಸಿದರು. ಅವು ಕೇಳಿಸಿದರೆ ಸಾಕು, ಕೆಳಗಿನ ಸ್ವರ ಇದ್ದಂತೆಯೇ ನಮ್ಮ ಕಿವಿ ಗ್ರಹಿಸುತ್ತದೆ. ಆಮೇಲೆ ನನ್ನ ಮಾತು. ಸಾಲಿನ ಕೊನೆಯ ಅಕ್ಷರ ಸರಿಯಾಗಿ ಸ್ನೇರ್ ಬೀಳುವ ಜಾಗಕ್ಕೇ ಬರುತ್ತಿತ್ತು. "ಹೇಳ್ತೀನಿ" ಅನ್ನೋದರಲ್ಲಿ "ನಿ" ಮುಳುಗಿ "ಹೇಳ್ತೀ" ಅಷ್ಟೇ ಉಳಿದರೆ ಸಾಲಿನ ಅರ್ಥವೇ ತಿರುಗಿ ಬೀಳುತ್ತದೆ. ಇಡೀ ಹಾಡಿನ ವಾಲ್ಯೂಮ್ ಏರಿಸುವ ಬದಲು ಅಂಥ ಒಂದೊಂದು ಅಕ್ಷರವನ್ನೂ ಹುಡುಕಿ, ಅರ್ಧ ಡೆಸಿಬೆಲ್, ಒಂದು ಡೆಸಿಬೆಲ್ ಅಂತ ಕೈಯಲ್ಲೇ ಎತ್ತಿದರು. ಶ, ಸ ಬಂದಲ್ಲಿ ಕಿವಿಗೆ ಚುಚ್ಚದ ಹಾಗೆ ತಗ್ಗಿಸಿದರು. ನಾನು ದನಿ ತೆಗೆದ ಕೂಡಲೇ ಸಿಂಥ್ ಒಂದಿಷ್ಟು ಹಿಂದೆ ಸರಿಯುವ ಹಾಗೆ ಸೈಡ್‌ಚೈನ್ ಕಟ್ಟಿದರು. ಇಯರ್‌ಫೋನ್, ಕಾರು, ಫೋನು, ಒಂದೇ ಸ್ಪೀಕರಿನ ಮೋನೋ, ಎಲ್ಲದರಲ್ಲೂ ಕೇಳಿದ ಮೇಲೆಯೇ ಫೈಲ್ ಕೊಟ್ಟರು.

ಮಾಸ್ಟರಿಂಗ್‌ನಲ್ಲಿ (ಹಾಡಿಗೆ ಕೊನೆಯ ಹದ ಕೊಡುವ ಹಂತದಲ್ಲಿ) ಇನ್ನೂ ಜೋರಾಗಿ ಬೇಕು ಅನ್ನುವ ಒತ್ತಡ ಬಂದಾಗಲೂ ಅಣ್ಣ ಜಗ್ಗಲಿಲ್ಲ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎಲ್ಲ ಹಾಡನ್ನೂ ಮೈನಸ್ 14 ಲಫ್ಸ್ (ಹಾಡು ಕಿವಿಗೆ ಎಷ್ಟು ಜೋರು ಅಂತ ಅಳೆಯುವ ಮಾನ) ಮಟ್ಟಕ್ಕೆ ತರುತ್ತದೆ. ಹಿಂಡಿ ಹಿಂಡಿ ಜೋರು ಮಾಡಿದರೂ ಅಲ್ಲಿ ಅದನ್ನು ಇಳಿಸಿಯೇ ಬಿಡುತ್ತಾರೆ, ನಮಗೆ ಉಳಿಯೋದು ಚಪ್ಪಟೆಯಾದ ಹಾಡು ಮಾತ್ರ. ಹುಕ್‌ಗೆ ಮುಂಚಿನ ಆ ಸಣ್ಣ ಮೌನ ಇವತ್ತು ಹಾಗೇ ಉಳಿದಿರೋದು ಅಣ್ಣನ ಹಟದಿಂದಲೇ.

ನಡುವೆ ನನ್ನ ಗಂಟಲು ಕೈಕೊಟ್ಟಿತು. ಮಾತೇ ಆಡಬೇಡಿ ಅಂದರು ಡಾಕ್ಟರ್. ರಿಲೀಸ್ ಮುಂದಕ್ಕೆ ಹೋಯಿತು, ಇನ್ನು ಆಗಲ್ಲವೇನೋ ಅಂತ ತುಂಬಾ ಅತ್ತಿದ್ದೇನೆ. ತಂಡದಲ್ಲಿ ಒಬ್ಬರೂ "ಯಾವಾಗ?" ಅಂತ ಕೇಳಲಿಲ್ಲ. ನಾನು ಚೀಟಿಯಲ್ಲಿ ಬರೆದು ತೋರಿಸಿದ್ದಕ್ಕೆಲ್ಲ ಅಮ್ಮನೂ ಚೀಟಿಯಲ್ಲೇ ಉತ್ತರ ಬರೆಯುತ್ತಿದ್ದಳು. ನಾನು ಸುಮ್ಮನಿರಬೇಕಾಗಿತ್ತೇ ಹೊರತು ಅವಳಲ್ಲ, ಆದರೂ ಜೊತೆಗೆ ಸುಮ್ಮನಿದ್ದಳು. ಅಮ್ಮಾ, ಇದನ್ನು ಓದುತ್ತೀಯ ಅಂತ ಗೊತ್ತು.

ಫಾರ್ಮ್ ತುಂಬಿದ ತಮ್ಮನನ್ನು ಬಿಟ್ಟರೆ ಪಾಪ ಬರುತ್ತದೆ. ಐಎಸ್‌ಆರ್‌ಸಿ ಸಂಖ್ಯೆ (ರೆಕಾರ್ಡಿಂಗಿನ ಗುರುತಿನ ನಂಬರ್), ಸಾಹಿತ್ಯ ಯಾರದು, ಸಂಗೀತ ಯಾರದು, ದುಡ್ಡು ಬಂದರೆ ಯಾರಿಗೆ ಎಷ್ಟು ಪಾಲು, ಎಲ್ಲವನ್ನೂ ಹಾಡು ಹೊರಬರುವ ಮೊದಲೇ ಬರೆಸಿ ಎಲ್ಲರ ಸಹಿ ಹಾಕಿಸಿದ. ಆಪ್‌ನಲ್ಲಿ ಕ್ರೆಡಿಟ್ಸ್ ತೆರೆದು ನೋಡಿ, ಪ್ಲೀಸ್. ನನ್ನ ಹೆಸರಿನ ಕೆಳಗಿರುವ ಹೆಸರುಗಳನ್ನೂ ಹುಡುಕಿ, ಅವರ ಬೇರೆ ಕೆಲಸವನ್ನೂ ಕೇಳಿ.

ಬರೀ ಬೀಟ್ ಬೇಕು ಅಂತ ಕೇಳುತ್ತಿದ್ದವರಿಗೆ: ಇನ್‌ಸ್ಟ್ರುಮೆಂಟಲ್ ಕೂಡ ಬೇಗ ಬರುತ್ತದೆ. ಅದು ಗೆಳೆಯನ ಹೆಸರಿನಲ್ಲೇ ಬರುತ್ತದೆ. ನಿಮ್ಮ ವರ್ಸ್ ಹಾಕಿ ಕಳಿಸಿ, ಇಬ್ಬರೂ ಕಾಯುತ್ತಿರುತ್ತೇವೆ.