ಕೋಡ್ ಬೇಡ, ಕಾರಣ ಕೊಡಲಿ

ಮಾನ್ಯರೇ,

ಆಲ್ಗಾರಿದಮ್‌ಗಳಿಗೆ (ಜನರ ಅರ್ಜಿಗಳನ್ನು ತೀರ್ಮಾನಿಸುವ ಕಂಪ್ಯೂಟರ್ ಸೂತ್ರಗಳಿಗೆ) ಕಾನೂನಿನ ಲಗಾಮು ಬೇಕೆಂದಾಗಲೆಲ್ಲ ಕಂಪನಿಗಳು ‘ಕೋಡ್ ನಮ್ಮ ವ್ಯಾಪಾರದ ಗುಟ್ಟು’ ಎನ್ನುತ್ತವೆ. ಇಟ್ಟುಕೊಳ್ಳಲಿ ಬಿಡಿ. ಸಾಲವೋ ವಿಮೆಯೋ ಪಿಂಚಣಿಯೋ ಕೈತಪ್ಪಿದವರು ಕೋಡ್ ಓದಿ ಮಾಡುವುದೇನು? ತಮ್ಮ ಯಾವ ಮಾಹಿತಿ ನೋಡಿ, ಯಾವ ಲೆಕ್ಕ ಹಾಕಿ ‘ಇಲ್ಲ’ ಅಂದರು ಎಂಬುದು ಅವರಿಗೆ ಬರಹದಲ್ಲಿ ಸಿಗಬೇಕು.

ಆಸ್ಟ್ರೇಲಿಯಾದ ‘ರೋಬೋಡೆಟ್’ ಹಗರಣದಲ್ಲಿ ಕೃತಕ ಬುದ್ಧಿಮತ್ತೆಯೇನೂ ಇರಲಿಲ್ಲ, ಇದ್ದದ್ದು ಬರೀ ಭಾಗಾಕಾರ. ಅಲ್ಲಿ ಸರ್ಕಾರಿ ನೆರವು ಎರಡೆರಡು ವಾರದ ಸಂಪಾದನೆ ನೋಡಿ ನಿಗದಿಯಾಗುತ್ತದೆ. ಹೆಚ್ಚು ನೆರವು ಪಡೆದವರನ್ನು ಹುಡುಕಲು 2016ರಲ್ಲಿ ಶುರುವಾದ ಈ ಕಂಪ್ಯೂಟರ್ ವ್ಯವಸ್ಥೆ, ತೆರಿಗೆ ಇಲಾಖೆಯಲ್ಲಿದ್ದ ವರ್ಷದ ಆದಾಯವನ್ನು 26 ಸಮಪಾಲು ಮಾಡಿತು. ಆರು ತಿಂಗಳು ದುಡಿದು 26,000 ಡಾಲರ್ ಗಳಿಸಿ, ಉಳಿದ ಆರು ತಿಂಗಳು ಕೆಲಸವಿಲ್ಲದೆ ನೆರವು ಪಡೆದವರಿಗೂ ಕಂಪ್ಯೂಟರಿನ ಲೆಕ್ಕದಲ್ಲಿ ವರ್ಷಪೂರ್ತಿ ಎರಡು ವಾರಕ್ಕೆ ಸಾವಿರ ಡಾಲರ್ ಬರುತ್ತಿತ್ತು! ಪಡೆದ ನೆರವೇ ಬಾಕಿಯಾಗಿ ನೋಟಿಸ್ ಹೋಯಿತು. ಲೆಕ್ಕ ತಪ್ಪೆಂದು ತೋರಿಸುವ ಹೊರೆ ಬಡವರದ್ದೇ, ಹಳೆಯ ಸಂಬಳದ ಚೀಟಿಗಳನ್ನು ಅವರೇ ಹುಡುಕಬೇಕಿತ್ತು. 2020ರಲ್ಲಿ ಸರ್ಕಾರ ಸುಮಾರು 72 ಕೋಟಿ ಡಾಲರ್ ಮರಳಿಸಲು ಒಪ್ಪಿತು.

ಕೆಲವು ತಪ್ಪುಗಳು ಇಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದಲ್ಲಿ ವಿಶೇಷ ಆರೈಕೆಗೆ ರೋಗಿಗಳನ್ನು ಆರಿಸುತ್ತಿದ್ದ ತಂತ್ರಾಂಶವೊಂದರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಆ ತಂತ್ರಾಂಶ ಜನಾಂಗವನ್ನು ನೋಡುತ್ತಲೇ ಇರಲಿಲ್ಲ. ಆದರೆ ಕಾಯಿಲೆಯ ತೀವ್ರತೆಯನ್ನು ಚಿಕಿತ್ಸೆಯ ಖರ್ಚಿನಿಂದ ಅಳೆಯುತ್ತಿತ್ತು. ಚಿಕಿತ್ಸೆಯೇ ಸರಿಯಾಗಿ ಸಿಗದ ಕಪ್ಪುಜನರ ಖರ್ಚು ಕಡಿಮೆ, ಹಾಗಾಗಿ ಕಾಯಿಲೆಯೂ ಕಡಿಮೆ ಎಂದು ಅದು ತೀರ್ಮಾನಿಸುತ್ತಿತ್ತು. ‘ಜನಾಂಗದ ಕಾಲಂ ತೆಗೆದುಹಾಕಿದ್ದೇವೆ’ ಎಂಬ ಸಮಜಾಯಿಷಿ ಇದಕ್ಕೇ ಸಾಲದು. ಬಳಕೆಗೆ ಮುನ್ನ, ಮತ್ತು ಪ್ರತಿ ಬದಲಾವಣೆಯ ನಂತರ, ಯಾವ ಗುಂಪಿನವರನ್ನು ಎಷ್ಟು ಬಾರಿ ತಪ್ಪಾಗಿ ತಿರಸ್ಕರಿಸುತ್ತದೆ ಎಂದು ಹೊರಗಿನವರಿಂದ ಎಣಿಕೆ ಮಾಡಿಸಬೇಕು.

ಯಂತ್ರದ ತೀರ್ಮಾನವನ್ನು ಮನುಷ್ಯರು ಮರುಪರಿಶೀಲಿಸಬೇಕೆಂಬ ಹಕ್ಕು ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ. ಆದರೆ ಪರದೆಯಲ್ಲಿ ಬಂದ ಅಂಕ ನೋಡಿ ಸಹಿ ಹಾಕುವ ಗುಮಾಸ್ತನಿದ್ದರೆ ಏನೂ ಪ್ರಯೋಜನವಿಲ್ಲ. ತೀರ್ಮಾನ ಬದಲಿಸುವ ಅಧಿಕಾರವೂ ಕಡತ ಓದುವ ಸಮಯವೂ ಪರಿಶೀಲಿಸುವವರಿಗಿರಬೇಕು. ನೂರು ಮೇಲ್ಮನವಿಗಳಲ್ಲಿ ಒಂದರಲ್ಲೂ ತೀರ್ಮಾನ ಬದಲಾಗಿಲ್ಲವೆಂದರೆ ಆ ಪರಿಶೀಲನೆಯನ್ನೇ ಅನುಮಾನಿಸಬೇಕು. ತೀರ್ಮಾನದ ದಿನ ಬಳಸಿದ ಮಾಹಿತಿಯನ್ನೂ ತಂತ್ರಾಂಶದ ಆವೃತ್ತಿಯನ್ನೂ ದಾಖಲಿಸಿಡುವುದು ಕಡ್ಡಾಯವಾಗಲಿ, ಇಲ್ಲವಾದರೆ ಆರು ತಿಂಗಳ ನಂತರ ತಪ್ಪು ಎಲ್ಲಿ ನಡೆಯಿತೆಂದು ತಯಾರಿಸಿದವರಿಗೂ ಹೇಳಲಾಗದು. ಮೇಲ್ಮನವಿ ಇತ್ಯರ್ಥವಾಗುವವರೆಗೆ ವಸೂಲಿಯನ್ನೂ ನೆರವಿನ ಕಡಿತವನ್ನೂ ತಡೆಹಿಡಿಯಬೇಕು.