ಜಿಲ್ಲೆಯ ಹೆಸರು ಬದಲಾದರೆ ಕಾಗದ ಕಳೆದುಹೋಗಬೇಕಾ?

ಮಾನ್ಯ ಸಂಪಾದಕರೇ,

ಹೋದ ವಾರ ಅಣ್ಣನ ಮಗಳಿಗೆ ಸ್ಕಾಲರ್‌ಶಿಪ್‌ನ ಹಳೇ ಸುತ್ತೋಲೆ ಬೇಕಾಗಿತ್ತು. ಲಿಂಕ್ ಒತ್ತಿದರೆ ‘ಪುಟ ಸಿಗಲಿಲ್ಲ’ ಅಂತ ಬಂತು. ಕಚೇರಿಯವರು ವೆಬ್‌ಸೈಟ್ ಬದಲಿಸಿದ್ದಾರಂತೆ. ಆಮೇಲೆ ಅವಳು ಓಣಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಸುತ್ತೋಲೆ ಸಂಖ್ಯೆ, ತಾರೀಖು ಹಾಕಿ ‘ಯಾರ ಹತ್ರ ಐತಿ?’ ಅಂತ ಕೇಳಿದಳು. ಪಕ್ಕದ ಮನೆ ಹುಡುಗ ಎರಡು ನಿಮಿಷದಲ್ಲಿ ಕಳಿಸಿದ. ನಮ್ಮ ಗೋಡೆಯ ಆಚೆಗೇ ಇತ್ತು ನೋಡಿ!

ಇಂಟರ್‌ನೆಟ್‌ಗೆ ಹೀಗೆ ಕೇಳೋಕೆ ಬರಲ್ಲ. ಅದಕ್ಕೆ ಗೊತ್ತಿರೋದು ಮಷಿನ್‌ನ ವಿಳಾಸ. ವಿಳಾಸ ನಂಬಿಕೊಂಡರೆ ಏನಾಗುತ್ತೆ ಅನ್ನೋದು ಬಾಗಲಕೋಟೆಯವರಿಗೆ ಗೊತ್ತು. ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಊರಿನ ಎಷ್ಟೋ ಮನೆಯವರು ನವನಗರದ ಸೆಕ್ಟರ್‌ಗಳಿಗೆ ಬಂದೆವು. ಜನ ಅವರೇ, ವಿಳಾಸ ಬೇರೆ.

ಅಮೆರಿಕದಲ್ಲಿ ಕಂಪ್ಯೂಟರ್ ಜಾಲದ ತಜ್ಞ ವ್ಯಾನ್ ಜೇಕಬ್‌ಸನ್ ಮತ್ತವರ ಜೊತೆಗಾರರು 2009ರಲ್ಲೇ ಇದಕ್ಕೊಂದು ದಾರಿ ಬರೆದಿದ್ದರು. 2010ರಲ್ಲಿ ‘ನೇಮ್ಡ್ ಡೇಟಾ ನೆಟ್‌ವರ್ಕಿಂಗ್’ ಯೋಜನೆಯೂ ಶುರುವಾಯಿತು. ಅಲ್ಲಿ ಕೇಳುವುದು ಮಷಿನ್‌ನ ವಿಳಾಸ ಹಿಡಿದಲ್ಲ, ಬೇಕಾದ ಮಾಹಿತಿಯ ಹೆಸರು ಹಿಡಿದು, ದಾರಿಯಲ್ಲಿರುವ ಯಾವ ರೂಟರ್‌ನಲ್ಲಿ (ಮಾಹಿತಿಯನ್ನು ಮುಂದಕ್ಕೆ ಸಾಗಿಸುವ ಯಂತ್ರದಲ್ಲಿ) ಪ್ರತಿ ಇದ್ದರೂ ಅದೇ ಕೊಟ್ಟುಬಿಡುತ್ತದೆ, ಮತ್ತೆ ಪ್ರತಿ ತುಂಡಿನ ಮೇಲೂ ಹೊರಡಿಸಿದವರ ಡಿಜಿಟಲ್ ಸಹಿ ಇರೋದರಿಂದ ಯಾರ ಕೈಯಿಂದ ಬಂತು ಅಂತ ತಲೆಕೆಡಿಸಿಕೊಳ್ಳಬೇಕಿಲ್ಲ.

ನನ್ನ ತಕರಾರು ಇರೋದು ಹೆಸರಿಡುವ ಪದ್ಧತಿಯ ಬಗ್ಗೆ. ಆ ಯೋಜನೆಯಲ್ಲಿ ಹೆಸರನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುತ್ತಾರೆ. ನಮ್ಮಲ್ಲಾದರೆ ಜಿಲ್ಲೆ, ಇಲಾಖೆ, ಆಮೇಲೆ ಸುತ್ತೋಲೆ ಅಂತಾಗುತ್ತದೆ. ಓದೋಕೆ ಸುಲಭ, ರೂಟರ್‌ಗೂ ಹೆಸರಿನ ಮೊದಲ ಭಾಗ ನೋಡಿದರೆ ದಾರಿ ಸಿಗುತ್ತದೆ. ಸರಿ, 1996ರಲ್ಲಿ ‘ಬಿಜಾಪುರ/ಬಾಗಲಕೋಟ’ ಅಂತ ಹೆಸರು ಶುರು ಮಾಡಿದ್ದರೆ? ಮರುವರ್ಷವೇ ನಾವು ಬೇರೆ ಜಿಲ್ಲೆಯಾದೆವು, 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು. ಎರಡು ಸಲ ಹೆಸರು ಹಳಸಿತು ಅಲ್ವಾ? ಇನ್ನೊಂದು ಪದ್ಧತಿಯಲ್ಲಿ ಕಡತದ ಒಳಗಿರೋದನ್ನೇ ಲೆಕ್ಕ ಹಾಕಿ ‘ಹ್ಯಾಶ್’ ಅನ್ನೋ ಉದ್ದನೆಯ ಗುರುತು ತೆಗೆದು ಅದನ್ನೇ ಹೆಸರು ಮಾಡುತ್ತಾರೆ. ಊರು ಮುಳುಗಿದರೂ ಅದು ಬದಲಾಗಲ್ಲ. ಆದರೆ ಅಷ್ಟುದ್ದದ ಅಂಕಿ-ಅಕ್ಷರ ಫೋನಲ್ಲಿ ಯಾರು ಹೇಳುತ್ತಾರೆ? ಒಂದು ಅಲ್ಪವಿರಾಮ ತಿದ್ದಿದರೂ ಹೊಸ ಹೆಸರು ಬೇರೆ.

ಕನ್ನಡದ್ದು ಇನ್ನೂ ಒಂದು ಗೋಳು. ಜೇಕಬ್‌ಸನ್ ಹೇಳಿದಂಥ ನೆಟ್‌ವರ್ಕ್ ಹೆಸರನ್ನು ಕಣ್ಣಿಗೆ ಕಾಣೋ ಅಕ್ಷರವಾಗಿ ಅಲ್ಲ, ಮಷಿನ್‌ನೊಳಗಿನ ಸಂಕೇತವಾಗಿ ಬೈಟ್ ಬೈಟ್ ಹೋಲಿಸುತ್ತದೆ. ನಾವು ‘ಬಾಗಲಕೋಟೆ’ ಅಂತಲೂ ‘ಬಾಗಲಕೋಟ’ ಅಂತಲೂ ಬರೆಯುತ್ತೇವೆ, ಅದು ಬಿಡಿ. ‘ಕೋ’ದಲ್ಲಿರುವ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ (ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಪದ್ಧತಿಯಲ್ಲಿ) ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಮಷಿನ್‌ಗೆ ಬೇರೆ ಬೇರೆ. ಯಾವ ರೂಪ ಅನ್ನೋದನ್ನು ಮೊದಲೇ ಗಟ್ಟಿ ಮಾಡದಿದ್ದರೆ ಕಾಗದ ಎದುರಿಗೇ ಇದ್ದರೂ ‘ಇಲ್ಲ’ ಅನ್ನುತ್ತೆ.

ಅದೆಲ್ಲ ಬರೋವರೆಗೆ ನಿಮ್ಮಲ್ಲಿ ಒಂದು ಕೋರಿಕೆ. ಸರ್ಕಾರಿ ಸುದ್ದಿಯ ಕೆಳಗೆ ಸುಮ್ನೆ ಲಿಂಕ್ ಒಂದನ್ನೇ ಹಾಕಬೇಡಿ, ಸುತ್ತೋಲೆಯ ಸಂಖ್ಯೆ, ತಾರೀಖನ್ನೂ ಅಚ್ಚು ಹಾಕಿ.

– ಓದುಗ, ನವನಗರ, ಬಾಗಲಕೋಟೆ